ಬೈರಿಯೋ ಗಿಡುಗವೋ

ನನ್ನ ಗಂಡ ಪಾರಿವಾಳ ಹಾರಿಸುತ್ತಾರೆ ಎಂದು ಮದುವೆಗೆ ಮುಂಚೆ ಯಾರೂ ನನಗೆ ಹೇಳಿರಲಿಲ್ಲ. ಕುಡಿಯುವುದಿಲ್ಲ, ಸೇದುವುದಿಲ್ಲ, ಸಿಟಿ ಬಸ್ಸಿನ ಡ್ರೈವರು, ಅಶೋಕಪುರಂನಲ್ಲಿ ಸ್ವಂತ ಮನೆ ಎಂದಷ್ಟೇ ಹೇಳಿದ್ದರು. ಅದೆಲ್ಲ ನಿಜವೇ ಆಗಿತ್ತು. ಮನೆ ತುಂಬಿಸಿಕೊಂಡ ಮಾರನೇ ಬೆಳಿಗ್ಗೆ ಬಟ್ಟೆ ಒಣಗಿಹಾಕಲು ತಾರಸಿ ಹತ್ತಿದೆ. ಅಲ್ಲಿ ಹಲಗೆ ಮತ್ತು ತಂತಿಬಲೆಯಿಂದ ಕಟ್ಟಿದ ಆಳೆತ್ತರದ ಗೂಡು, ಅದರ ಮುಂದೆ ಬನಿಯನ್ನಿನಲ್ಲಿ ನಿಂತು ಜೋಳ ಎರಚುತ್ತಿದ್ದ ಗಂಡ. ಇದೇನು ಎಂದು ಕೇಳುವ ಮೊದಲೇ ನನ್ನ ಹೊಸ ಸೀರೆಯ ಸೆರಗಿನ ಮೇಲೆ ಹಿಕ್ಕೆ ಬಿತ್ತು. ಅವರು ನಕ್ಕರು. ನಾನು ನಗಲಿಲ್ಲ.

ಅಲ್ಲಿಂದ ಮುಂದೆ ಆ ಹಕ್ಕಿಗಳಿಗೂ ನನಗೂ ಎಣ್ಣೆ ಸೀಗೇಕಾಯಿ ಸಂಬಂಧ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಬೀದಿಯ ಹೆಂಗಸರು ಕೊಟ್ಟುಹೋದ ರೇಷ್ಮೆ ಬಟ್ಟೆಯ ಮೇಲೆ ಎಲ್ಲಿಂದಲೋ ಒಂದು ಪುಕ್ಕ ತೇಲಿಬಂದು ಕೂರುತ್ತಿತ್ತು. ಸೀರೆಗೆ ಫಾಲ್ಸ್ ಹಾಕಿ, ಒಂದು ಸುತ್ತು ಗಾಳಿಗೆ ಹರವೋಣವೆಂದರೆ ತಾರಸಿಯಲ್ಲಿ ಜಾಗವಿಲ್ಲ. ಕೋಪ ಬಂದಾಗಲೆಲ್ಲ ಅವನ್ನು ನನ್ನ ಸವತಿಯರು ಎಂದು ಕರೆಯುತ್ತಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಹಾಗಾಗಿ ದಿನಕ್ಕೆ ನಾಲ್ಕು ಸಲವಾದರೂ ಕರೆಯುತ್ತಿದ್ದೆ. "ಹೋಗಿ, ನಿಮ್ಮ ಇನ್ನೊಂದು ಸಂಸಾರ ಮೇಲೆ ಕಾಯ್ತಾ ಅದೆ" ಎಂದರೆ ಅವರು ಲುಂಗಿ ಮೇಲಕ್ಕೆ ಕಟ್ಟಿಕೊಂಡು ನಿಜವಾಗಿಯೂ ಹೋಗುತ್ತಿದ್ದರು.

ಇವು ದೇವಸ್ಥಾನದ ಗೋಪುರದಲ್ಲಿ ಕಾಣುವ ಪಾರಿವಾಳಗಳಲ್ಲ. ಹಾರುವುದಕ್ಕೆಂದೇ ಸಾಕುವ ಜಾತಿ. ಬೆಳಿಗ್ಗೆ ಬಾಗಿಲು ತೆಗೆದರೆ ಹಿಂಡಾಗಿ ಸುತ್ತು ಹಾಕುತ್ತಾ ಏರುತ್ತವೆ, ಏರಿ ಏರಿ ಎಳ್ಳುಕಾಳಿನಷ್ಟಾಗುತ್ತವೆ, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಇಳಿಯುತ್ತವೆ. ಇಳಿಸಲಿಕ್ಕೂ ಒಂದು ಉಪಾಯವಿದೆ. ಲಕ್ಕಾ ಎಂಬ ಬಿಳಿ ಪಾರಿವಾಳ ಒಂದಿರುತ್ತದೆ, ಬೀಸಣಿಗೆಯಂತೆ ಬಾಲ ಬಿಚ್ಚಿಕೊಂಡು ಓಡಾಡುವುದು ಬಿಟ್ಟರೆ ಅದಕ್ಕೆ ಹೆಚ್ಚು ಹಾರಲು ಬಾರದು. ಅದನ್ನು ಮೇಲಕ್ಕೆ ಎಸೆದು, ಕಾಳಿನ ಡಬ್ಬ ಅಲ್ಲಾಡಿಸಿದರೆ ಮೇಲಿನವು ಆ ಬಿಳುಪನ್ನು ನೋಡಿ ಇಳಿಯುತ್ತವೆ. ಪಾಳಿ ಮುಗಿಸಿ ಬಂದ ನನ್ನ ಗಂಡ ತಾರಸಿಯಲ್ಲಿ ಚಾಪೆ ಹಾಸಿ ಅಂಗಾತ ಮಲಗಿ ಅವನ್ನೇ ನೋಡುತ್ತಿದ್ದರು. ಇದರಿಂದ ನಿಮಗೆ ಏನು ಸಿಗುತ್ತದೆ ಎಂದು ಒಮ್ಮೆ ಕೇಳಿದೆ. "ದಿನಾ ರೋಡೇ ನೋಡ್ತಿರ್ತೀನಿ ಕಣೇ. ಮೇಲ್ಗಡೆ ನೋಡೋಕೂ ಏನಾದ್ರೂ ಬ್ಯಾಡ್ವಾ" ಎಂದರು.

ದಸರಾ ಮುಗಿದು ಚಳಿ ಶುರುವಾದರೆ ಪಾರಿವಾಳದವರಿಗೆಲ್ಲ ಕಷ್ಟದ ಕಾಲ. ಹಿಡಿದು ತಿನ್ನುವ ಹಕ್ಕಿಗಳು ಎಲ್ಲಿಂದಲೋ ಬಂದು ಊರಿನ ಮೇಲೆ ಸುತ್ತುತ್ತವೆ, ಶಿವರಾತ್ರಿ ಕಳೆದು ಸೆಕೆ ಬರುವ ತನಕ ಇರುತ್ತವೆ. ಬಹಳ ಜನ ಆ ತಿಂಗಳುಗಳಲ್ಲಿ ಗೂಡಿನ ಬಾಗಿಲನ್ನೇ ತೆಗೆಯುವುದಿಲ್ಲ. ನೀವೂ ಹಾಗೆ ಮಾಡಬಾರದೇ ಎಂದರೆ ನನ್ನ ಗಂಡ ಒಪ್ಪುತ್ತಿರಲಿಲ್ಲ. ಕೂಡಿಹಾಕಿದರೆ ಮೈ ಬರುತ್ತದೆ, ಮೈ ಬಂದ ಹಕ್ಕಿ ಏರಲಾರದು, ಏರಲಾರದ ಹಕ್ಕಿ ಬಾಗಿಲು ತೆಗೆದ ದಿನವೇ ಸಿಕ್ಕಿಬೀಳುತ್ತದೆ ಎನ್ನುವುದು ಅವರ ವಾದ. ಅದಕ್ಕಿಂತ ದೊಡ್ಡ ವಾದ ಇನ್ನೊಂದಿತ್ತು. "ನಾನು ನೋಡ್ತಿರ್ತೀನಲ್ಲ" ಎನ್ನುತ್ತಿದ್ದರು.

ನೋಡುವುದೇ ಇಡೀ ವಿದ್ಯೆ. ಹದ್ದು ಎಲ್ಲೆಲ್ಲೂ ಇರುತ್ತದೆ, ಅದರಿಂದ ತೊಂದರೆಯಿಲ್ಲ. ಗಿಡುಗ ಚಿಕ್ಕದು, ಕಳ್ಳ. ಪಕ್ಕದ ಮಾವಿನ ಮರದಲ್ಲೋ ಹೊಂಗೆ ಮರದಲ್ಲೋ ಎಲೆ ಮರೆಯಲ್ಲಿ ಕೂತಿದ್ದು, ಪಾರಿವಾಳ ತಾರಸಿಗೆ ಇಳಿಯುವಾಗ ಬಾಣದಂತೆ ಬಂದು ಎತ್ತಿಕೊಂಡು ಹೋಗುತ್ತದೆ. ಅದು ಹತ್ತಿರವಿದ್ದರೆ ಹಿಂಡನ್ನು ಯಾವ ಕಾರಣಕ್ಕೂ ಕೆಳಕ್ಕೆ ಕರೆಯಬಾರದು. ಎತ್ತರದಲ್ಲಿದ್ದರೆ ಅವಕ್ಕೆ ಭಯವಿಲ್ಲ. ಬೈರಿಯ ಲೆಕ್ಕ ಬೇರೆ. ಅದು ಆಕಾಶದ ಹಕ್ಕಿ. ಪಾರಿವಾಳಗಳಿಗಿಂತ ಮೇಲೆ ಹೋಗಿ ಅಲ್ಲಿಂದ ಕಲ್ಲು ಬಿದ್ದಂತೆ ಬೀಳುತ್ತದೆ. ದೂರದಲ್ಲಿ ಬೈರಿ ಕಂಡರೆ ತಡಮಾಡದೆ ಲಕ್ಕಾ ಎಸೆದು ಹಿಂಡನ್ನು ಇಳಿಸಿಕೊಳ್ಳಬೇಕು. ಅಂದರೆ ಒಂದು ಕಂಡಾಗ ಮಾಡುವುದಕ್ಕೂ ಇನ್ನೊಂದು ಕಂಡಾಗ ಮಾಡುವುದಕ್ಕೂ ಪೂರ್ತಿ ತದ್ವಿರುದ್ಧ. ಯಾವುದೆಂದು ಗುರುತಿಸುವುದರಲ್ಲಿ ತಪ್ಪಿದರೆ ನಾವೇ ಕೈಯಾರೆ ಹಕ್ಕಿಯನ್ನು ಬಡಿಸಿಕೊಟ್ಟ ಹಾಗೆ. ನನ್ನ ಗಂಡ ಚಾಪೆಯ ಮೇಲೆ ಮಲಗಿದಲ್ಲಿಂದಲೇ ಚುಕ್ಕಿಯಷ್ಟು ಕಂಡರೂ ಇದು ಇಂಥದ್ದು ಎನ್ನುತ್ತಿದ್ದರು. ವರ್ಷಗಟ್ಟಲೆ ಚಳಿಗಾಲದಲ್ಲೂ ಹಾರಿಸಿದರು, ಒಂದೋ ಎರಡೋ ಕಳೆದುಕೊಂಡಿದ್ದರೆ ಹೆಚ್ಚು.

ಆಮೇಲೆ ಅವರ ಕಣ್ಣು ಕೆಟ್ಟಿತು. ಸಕ್ಕರೆ ಕಾಯಿಲೆಯಲ್ಲ, ಪೊರೆಯೂ ಅಲ್ಲ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಒಣಗುತ್ತಿದೆ, ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಎಂದರು ಡಾಕ್ಟರು. ನೇರ ಎದುರಿಗಿರುವುದು ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ. ಕೊಳವೆಯಲ್ಲಿ ಇಣುಕಿದ ಹಾಗಂತೆ. ಬಸ್ಸಿನ ಕೆಲಸ ಅಲ್ಲಿಗೇ ನಿಂತಿತು. ಅಂಗೈಯಲ್ಲಿ ಹಿಡಿದ ಪಾರಿವಾಳದ ಕಣ್ಣಿನ ಬಣ್ಣವನ್ನು ಅವರು ಈಗಲೂ ಹೇಳುತ್ತಾರೆ. ಅದನ್ನೇ ಮೇಲೆ ಹಾರಿಬಿಟ್ಟರೆ ಹುಡುಕಲಾರರು. ಆಕಾಶದ ತುಂಬ ಕೊಳವೆ ತಿರುಗಿಸಿದರೂ ಹಿಂಡು ಅದರೊಳಗೆ ಸಿಕ್ಕಬೇಕಲ್ಲ.

ಇದನ್ನು ಅವರು ಎಷ್ಟೋ ದಿನ ಯಾರಿಗೂ ಹೇಳಲಿಲ್ಲ. ಎಂದಿನಂತೆ ಬಾಗಿಲು ತೆಗೆಯುತ್ತಿದ್ದರು, ಎಂದಿನಂತೆ ಕತ್ತೆತ್ತಿ ನಿಲ್ಲುತ್ತಿದ್ದರು. ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕೆಳಗಿಳಿದು ಬಂದು ನನ್ನ ಹೊಲಿಗೆ ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕುಳಿತರು. ಕೈಯಲ್ಲಿ ಒಂದು ಕಂದು ಪುಕ್ಕ.

"ಅಲ್ಲೇ ನಿಂತಿದ್ದೆ ಕಣೇ. ಗೋಡೆ ಮೇಲಿಂದ ಗಿಡುಗ ಒಂದನ್ನ ಎತ್ಕೊಂಡ್ ಹೋಯ್ತು. ನಂಗೆ ಕಾಣ್ನಿಲ್ಲ" ಎಂದರು.

ಎಲ್ಲವನ್ನೂ ಕೆಸರೆಯವನಿಗೆ ಕೊಟ್ಟುಬಿಡುತ್ತೇನೆ ಎಂದರು. ಕೆಸರೆಯವನೆಂದರೆ ಊರಿನ ಇನ್ನೊಂದು ತುದಿಯ ಕೆಸರೆಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಒಬ್ಬ. ವಯಸ್ಸಿನಲ್ಲಿ ನನ್ನ ಗಂಡನಿಗಿಂತ ಬಹಳ ಚಿಕ್ಕವನು, ಇವರಂತೆಯೇ ಚಳಿಗಾಲದಲ್ಲೂ ಬಾಗಿಲು ಮುಚ್ಚದ ಇನ್ನೊಬ್ಬ ಹುಚ್ಚ. ಹಾರಿಸದಿದ್ದರೇನಂತೆ, ಗೂಡಿನಲ್ಲೇ ಇರಲಿ ಎಂದೆ. "ಕೂಡಾಕಿ ಸಾಕೋಕೆ ಅವೇನು ಕೋಳಿಗಳಾ" ಎಂದರು. ನನಗೆ ಖುಷಿಯಾಗಬೇಕಿತ್ತು. ತಾರಸಿ ನನ್ನದಾಗುತ್ತಿತ್ತು. ಆದರೆ ಆ ಸ್ಟೂಲಿನ ಮೇಲೆ ಅವರು ಕೂತಿದ್ದ ರೀತಿ ನೋಡಿ ಮೆಷಿನ್ನು ನಿಲ್ಲಿಸಿದೆ. ಸ್ಟೇರಿಂಗು ಹೋಯಿತು, ಈಗ ಇದೂ ಹೋದರೆ ಈ ಮನುಷ್ಯ ಇಡೀ ದಿನ ಇಲ್ಲೇ ಕೂತು ನನ್ನ ಹೊಲಿಗೆಗೆ ಸಲಹೆ ಕೊಡುತ್ತಾರೆ ಎಂಬ ಭಯವೂ ಇತ್ತು, ಸುಳ್ಳೇಕೆ ಹೇಳಲಿ.

"ನಾನು ನೋಡ್ತೀನಿ ಬುಡಿ. ಸೂಜಿ ಕಣ್ಣಿಗೆ ದಾರ ಪೋಣಿಸೋಳಿಗೆ ಗಿಡುಗ ಕಾಣಲ್ವಾ" ಎಂದೆ.

ಅವರು ತಕ್ಷಣ ಒಪ್ಪಲಿಲ್ಲ. ಸಂಜೆ ಹೊತ್ತಿಗೆ ಒಂದು ಷರತ್ತಿನೊಂದಿಗೆ ಒಪ್ಪಿದರು. ಮುಂದಿನ ಚಳಿಗಾಲ ಒಂದನ್ನು ನೋಡೋಣ. ಬೈರಿ ತನ್ನ ಬಲದಿಂದ ಹಿಡಿದರೆ ಅದು ಅದರ ಊಟ, ಅದಕ್ಕೆ ನಾವು ಏನೂ ಹೇಳುವ ಹಾಗಿಲ್ಲ. ಆದರೆ ನಾವು ಗುರುತಿಸದೆ, ನಮ್ಮ ಕೈತಪ್ಪಿನಿಂದ ಒಂದೇ ಒಂದು ಹಕ್ಕಿ ಹೋದರೂ ಎಲ್ಲವೂ ಕೆಸರೆಗೆ.

ನನ್ನ ಪಾಠ ಮಳೆಗಾಲದಲ್ಲೇ ಶುರುವಾಯಿತು. ಮೊದಮೊದಲು ಕಂಡ ಹದ್ದಿಗೆಲ್ಲ ಕಿರುಚಿಕೊಂಡೆ. ಎರಡು ಸಲ ಕಾಗೆಗೂ ಕಿರುಚಿಕೊಂಡೆ. ಅವರು ಬೈಯಲಿಲ್ಲ, ಕುರ್ಚಿಯಲ್ಲಿ ಕೂತು ಪ್ರಶ್ನೆ ಕೇಳುತ್ತಿದ್ದರು. ರೆಕ್ಕೆ ಬಡಿಯುತ್ತಾ ಇದೆಯಾ, ತೇಲುತ್ತಾ ಇದೆಯಾ? ಬಾಲ ಉದ್ದವೋ ಮೋಟೋ? ರೆಕ್ಕೆಯ ತುದಿ ಹೇಗಿದೆ? ನಾನು ನನಗೆ ಗೊತ್ತಿದ್ದ ಭಾಷೆಯಲ್ಲೇ ಉತ್ತರ ಕೊಡುತ್ತಿದ್ದೆ. ಗಿಡುಗದ ರೆಕ್ಕೆ ಪಫ್ ತೋಳಿನ ಹಾಗೆ ಗುಂಡಗೆ, ಮೋಟು. ನಾಲ್ಕು ಸಲ ಬಡಿಯುತ್ತದೆ, ಜಾರುತ್ತದೆ, ಮತ್ತೆ ಬಡಿಯುತ್ತದೆ. ಬೈರಿಯ ರೆಕ್ಕೆ ಓರೆಯಾಗಿ ಕತ್ತರಿಸಿದ ಬಟ್ಟೆಯಂತೆ ತುದಿಯಲ್ಲಿ ಚೂಪು, ಮತ್ತು ಅದು ಬಿಡುವಿಲ್ಲದೆ ಬಡಿಯುತ್ತದೆ. ಹೀಗೆ ಹೇಳಿದಾಗ ಅವರಿಗೆ ನಗು ಬಂದರೂ ಅರ್ಥವಾಗುತ್ತಿತ್ತು. ನಾನು ಹೇಳಿದ್ದನ್ನು ಕೇಳಿ ಇಂಥದ್ದು ಎಂದು ಅವರು ತೀರ್ಮಾನಿಸುತ್ತಿದ್ದರು, ಮುಂದೇನು ಮಾಡಬೇಕೆಂದೂ ಅವರೇ ಹೇಳುತ್ತಿದ್ದರು.

ಚಳಿ ಬಂತು. ಬೆಳಿಗ್ಗೆ ಅವರು ಕಣ್ಣಿಗೆ ಡ್ರಾಪ್ಸ್ ಬಿಟ್ಟುಕೊಂಡು ಕೂರುತ್ತಿದ್ದರು, ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಲ್ಲುತ್ತಿದ್ದೆ. ಹೆಮ್ಮಿಂಗ್, ಹುಕ್ಸ್, ಕಾಜಾ, ಕೈಯಲ್ಲಿ ಮಾಡುವ ಕೆಲಸವನ್ನೆಲ್ಲ ತಾರಸಿಗೇ ಒಯ್ದೆ. ಒಂದು ದಿನ ಹಿಂಡು ಇಳಿಯುವ ಹೊತ್ತಿಗೆ ಸರಿಯಾಗಿ ಹಿಂದಿನ ಮನೆಯ ಹೊಂಗೆ ಮರದಲ್ಲಿ ಅಳಿಲುಗಳು ಒಂದೇ ಸಮನೆ ಕಿಚಗುಟ್ಟಿದವು. ನೋಡಿದರೆ ಒಳಗಿನ ಕೊಂಬೆಯಲ್ಲಿ ಬೂದು ಬೆನ್ನು, ಉದ್ದ ಬಾಲ. "ಗಿಡುಗ ರೀ, ಹೊಂಗೆ ಮರ" ಎಂದೆ. ಅವರು ಡಬ್ಬವನ್ನು ಮುಟ್ಟಲಿಲ್ಲ. ಗಳಕ್ಕೆ ಕಟ್ಟಿದ ಬಟ್ಟೆ ಬೀಸಿ ಹಿಂಡನ್ನು ಮತ್ತೆ ಮೇಲಕ್ಕೆ ಅಟ್ಟಿದರು. ನಾನು ಕೆಳಗಿಳಿದು ಹಿಂದಿನ ಬೀದಿಗೆ ಓಡಿ ಮರಕ್ಕೆ ಕಲ್ಲು ಬೀರಿದೆ. ಆ ಮನೆಯಾಕೆ ಹೊರಗೆ ಬಂದು ನನಗೆ ಏನಾಗಿದೆ ಎಂದು ನೋಡಿದಳು. ಗಿಡುಗ ಹೊರಟುಹೋಯಿತು, ಹಕ್ಕಿಗಳು ಸಾವಕಾಶವಾಗಿ ಇಳಿದವು. ಆ ದಿನ ನಾನು ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ, ಅಷ್ಟು ಜಂಬ ಬಂದಿತ್ತು.

ತಾರಸಿಯಲ್ಲಿ ನಮ್ಮ ಜೊತೆ ಮೂರನೆಯವರೊಬ್ಬರು ಇರುತ್ತಿದ್ದರು, ನನ್ನ ಅತ್ತೆ. ಚಳಿಗೆ ಮಂಡಿ ಹಿಡಿದುಕೊಳ್ಳುತ್ತದೆ ಎಂದು ಎಳೆಬಿಸಿಲಿಗೆ ಬಂದು ಕೂರುತ್ತಿದ್ದರು. ಮಗನ ಹಕ್ಕಿಗಳ ಬಗ್ಗೆ ಅವರಿಗೆ ಯಾವ ಆಸಕ್ತಿಯೂ ಇರಲಿಲ್ಲ. ಅವರಿಗೆ ಬೇಕಾಗಿದ್ದ ಹಕ್ಕಿ ಒಂದೇ, ಗರುಡ. ಕೆರೆ ಕಡೆಯಿಂದ ಆಗೊಮ್ಮೆ ಈಗೊಮ್ಮೆ ಒಂದು ಗರುಡ ನಮ್ಮ ಮನೆಗಳ ಮೇಲೆ ಹಾದುಹೋಗುತ್ತಿತ್ತು. ಬೆಳ್ಳಗಿನ ಎದೆ, ಕೆಂಚು ಮೈ. ಕಂಡ ಕೂಡಲೇ ಅತ್ತೆ ಕೈಯಲ್ಲಿದ್ದುದನ್ನು ಬಿಟ್ಟು, ಕಣ್ಣು ಮುಚ್ಚಿ ಕೈ ಮುಗಿದು, ಬೆರಳನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನಮಗೂ ಹೇಳುತ್ತಿದ್ದರು, ನಾವೂ ಮುಗಿಯುತ್ತಿದ್ದೆವು. ಸಣ್ಣವರಿದ್ದಾಗಿನಿಂದ ರೂಢಿ. ಬಸ್ಸು ಓಡಿಸುವಾಗ ಕಂಡರೂ ಸ್ಟೇರಿಂಗಿನಿಂದ ಒಂದು ಕೈ ಎತ್ತಿ ಎದೆಗೆ ಮುಟ್ಟಿಸಿಕೊಳ್ಳುತ್ತಿದ್ದೆ ಎಂದು ನನ್ನ ಗಂಡ ಹೇಳುತ್ತಿದ್ದರು. ಗರುಡ ಪಾರಿವಾಳದ ತಂಟೆಗೆ ಬರುವುದಿಲ್ಲ, ಮೀನು ಏಡಿ ತಿಂದುಕೊಂಡಿರುತ್ತದೆ. ಹೀಗಾಗಿ ಅದು ನಮ್ಮ ಲೆಕ್ಕಕ್ಕೇ ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ. ಅತ್ತೆ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನು ಒಂದು ಮದುವೆ ಬ್ಲೌಸಿಗೆ ಹೆಮ್ಮಿಂಗ್ ಮಾಡುತ್ತಾ ನಡುನಡುವೆ ಕತ್ತೆತ್ತುತ್ತಿದ್ದೆ. ಹಿಂಡು ಹಾರಾಟ ಮುಗಿಸಿ ತೆಂಗಿನ ಮರಗಳ ಎತ್ತರಕ್ಕೆ ಇಳಿದಿತ್ತು, ಇನ್ನೆರಡು ಸುತ್ತು ಹಾಕಿದರೆ ತಾರಸಿ. ಅಷ್ಟರಲ್ಲಿ ಅತ್ತೆ ಅಂದರು.

"ಅಲ್ನೋಡವ್ವ, ಗರುಡ. ಎದೆ ಎಂಗೆ ಬೆಳ್ಳಗದೆ."

ನಾನು ನೋಡಿದೆ. ಅದು ಇದ್ದದ್ದು ಬಿಸಿಲಿನ ದಿಕ್ಕಿನಲ್ಲಿ, ಬಹಳ ಎತ್ತರದಲ್ಲಿ. ಬೆಳ್ಳಗಿನ ಎದೆ ಹೌದು. ರೆಕ್ಕೆಯ ತುದಿ ನೋಡಬೇಕು ಅನ್ನಿಸಿತೋ ಇಲ್ಲವೋ ನೆನಪಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿ ನನ್ನ ಕೈಗಳು ತಾವಾಗಿಯೇ ಮುಗಿದುಕೊಂಡವು.

"ಏನದು" ಎಂದು ಅವರು ಕುರ್ಚಿಯಿಂದ ಕೇಳಿದರು.

"ಗರುಡ ರೀ."

ಬೇರೆ ಯಾವ ಹಕ್ಕಿ ಎಂದಿದ್ದರೂ ಅವರು ನನ್ನನ್ನು ಪೊಲೀಸಿನವರಂತೆ ವಿಚಾರಣೆ ಮಾಡುತ್ತಿದ್ದರು. ಗರುಡ ಎಂದ ಮೇಲೆ ಪ್ರಶ್ನೆಯೇ ಇಲ್ಲ. ಎದ್ದು ನಿಂತರು, ಕಾಲಿನಿಂದ ಚಪ್ಪಲಿ ಬಿಟ್ಟರು, ಅದು ಯಾವ ದಿಕ್ಕಿನಲ್ಲಿದೆಯೆಂದು ಗೊತ್ತಿಲ್ಲದೆ ಮಾವಿನ ಮರದ ಕಡೆ ತಿರುಗಿ ಕೈ ಮುಗಿದರು. ಮೂವರೂ ಕಣ್ಣು ಮುಚ್ಚಿದ್ದೆವು.

ಮೊದಲು ಗೊತ್ತಾದದ್ದು ನನ್ನ ಗಂಡನಿಗೇ. ಒದ್ದೆ ಸೀರೆ ಕೊಡವಿದಂಥ ಸದ್ದು, ಇಡೀ ಹಿಂಡು ಒಂದೇ ಸಲ ಮಗ್ಗುಲು ತಿರುಗುವಾಗ ಬರುವುದು. "ಗರುಡ ಅಲ್ಲ. ಬೈರಿ" ಎಂದರು. ನಾನು ಕಣ್ಣು ಬಿಡುವಷ್ಟರಲ್ಲಿ ಅದು ಬಿದ್ದಾಗಿತ್ತು. ಗಾಳಿಯಲ್ಲಿ ಒಂದು ಹಿಡಿ ಪುಕ್ಕ ಅಲ್ಲೇ ನಿಂತಂತೆ ಕಂಡಿತು, ಹಿಂಡು ಚೆಲ್ಲಾಪಿಲ್ಲಿಯಾಗಿ ಎಂಟು ದಿಕ್ಕಿಗೆ ಹೋಗುತ್ತಿತ್ತು, ಬೈರಿ ಕಾಲಿನಲ್ಲಿ ಭಾರ ಹಿಡಿದುಕೊಂಡು ಬೆಟ್ಟದ ಕಡೆ ತಗ್ಗಿನಲ್ಲಿ ಹೋಗುತ್ತಿತ್ತು. ರೆಕ್ಕೆ ಎಷ್ಟು ಚೂಪು ಎಂದು ಆಗ ಚೆನ್ನಾಗಿ ಕಂಡಿತು. ನನ್ನ ಗಂಡ ತಡಕಾಡಿ ಲಕ್ಕಾ ಹಿಡಿದು ಮೇಲಕ್ಕೆ ಎಸೆದರು, ಡಬ್ಬ ಅಲ್ಲಾಡಿಸಿದರು. ಹಕ್ಕಿಗಳು ಒಂದೊಂದಾಗಿ, ಮಧ್ಯಾಹ್ನದ ತನಕ ಬಂದವು. ಕೊಕ್ಕು ತೆರೆದುಕೊಂಡು ಏದುಸಿರು ಬಿಡುತ್ತಿದ್ದವು.

ಅವರು ಗೂಡಿನೊಳಗೆ ಹೋಗಿ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ ಹೊರಗೆ ಬಂದರು. "ಬೂದಿ ಹೆಣ್ಣು ಇಲ್ಲ" ಎಂದರು. ಹಿಂಡಿಗೆ ಮುಂದಾಳಾಗಿದ್ದ ಹಕ್ಕಿ ಅದು. ನನಗೂ ಅದೊಂದರ ಗುರುತು ಚೆನ್ನಾಗಿತ್ತು, ಏಕೆಂದರೆ ನನ್ನ ಕೈಯಿಂದ ಕಾಳು ತಿನ್ನುತ್ತಿದ್ದದ್ದು ಅದೊಂದೇ.

ಅತ್ತೆ ಆ ದಿನ ಅವರೆಕಾಳು ಸಾರು ಮುಟ್ಟಲಿಲ್ಲ. ಹಕ್ಕಿ ಹೋದದ್ದಕ್ಕಿಂತ ಅವರಿಗೆ ಮೋಸ ಹೋದ ಸಂಕಟ. "ನಾ ಕೈ ಮುಗೀತಾವ್ನಿ, ಅದು ಕತ್ ಮುರೀತಾದೆ. ಇಷ್ಟ್ ವರ್ಸದಲ್ಲಿ ಇನ್ನೆಷ್ಟು ಬೈರಿಗೆ ಮುಗ್ದಿದ್ದೀನೋ" ಎಂದು ಹಲುಬಿದರು. ಬೇರೆ ದಿನವಾಗಿದ್ದರೆ ನಾನು ಜೋರಾಗಿ ನಗುತ್ತಿದ್ದೆ. ನನ್ನ ಗಂಡ ಮಾತ್ರ, "ಕೈ ಮುಗ್ದಿದ್ದು ತಪ್ಪಲ್ಲ ಬುಡವ್ವ, ಊಟ ಮಾಡು" ಎಂದರು.

ರಾತ್ರಿ ಊಟದ ತಟ್ಟೆ ಎತ್ತುವಾಗ ನಾನೇ ಮಾತು ತೆಗೆದೆ. ಇದು ನಮ್ಮ ಕೈತಪ್ಪಲ್ಲ, ಯಾರಿದ್ದರೂ ಹೀಗೇ ಆಗುತ್ತಿತ್ತು, ಬೈರಿ ತನ್ನ ಬಲದಿಂದಲೇ ಹಿಡಿದದ್ದು ಎಂದು ವಕೀಲರ ಹಾಗೆ ವಾದ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅವ್ವ ಗರುಡ ಅಂದ್ರೆ ಮೊದ್ಲು ನಾನು ತಲೆ ಎತ್ತಿ ನೋಡ್ತಿದ್ದೆ. ಆಮೇಲೆ ಕೈ ಮುಗೀತಿದ್ದೆ. ಇವತ್ತು ನೋಡ್ದೇನೇ ಮುಗಿದ್ಬುಟ್ಟೆ ಕಣೇ. ಇನ್ಮೇಲೆ ಯಾವಾಗ್ಲೂ ಅಂಗೇ ಆಗೋದು. ಯಾರೋ ಹೇಳ್ಬೇಕು, ನಾನು ನಂಬ್ಬೇಕು. ನನ್ ನಂಬಿಕೆಗೆ ಅವು ಯಾಕೆ ಸಾಯ್ಬೇಕು" ಎಂದರು.

ತಟ್ಟೆ ಹಿಡಿದುಕೊಂಡು ಒಳಗೆ ಹೋಗಿ ಅತ್ತುಬಿಟ್ಟೆ. ಮದುವೆಯಾದ ಮಾರನೇ ದಿನದಿಂದ ಯಾವಾಗ ಹೋದಾವೋ ಎಂದು ಶಪಿಸಿದವಳು ನಾನೇ, ಈಗ ಹೋಗುತ್ತವೆ ಎಂದಾಗ ಅಳುತ್ತಿರುವವಳೂ ನಾನೇ. ನನಗೇ ನಾಚಿಕೆಯಾಯಿತು, ಆದರೂ ಅಳು ನಿಲ್ಲಲಿಲ್ಲ.

ಭಾನುವಾರ ಕೆಸರೆಯವನು ಮುಚ್ಚಳವಿರುವ ಬಿದಿರು ಬುಟ್ಟಿಗಳನ್ನು ಆಟೋದಲ್ಲಿ ಹಾಕಿಕೊಂಡು ಬಂದ. ತಾರಸಿ ಹತ್ತಿದವನೇ, "ಇನ್ನೊಂದ್ಸಲ ಯೋಚ್ನೆ ಮಾಡಣ್ಣ. ಎರಡು ಕಣ್ಣಿಟ್ಕೊಂಡು ನಾನೂ ಕಳ್ಕೊಂಡಿದ್ದೀನಿ" ಎಂದ. ನನ್ನ ಗಂಡ ಆಗಲೇ ಗೂಡಿನ ಬಾಗಿಲು ತೆಗೆದು ಮೊದಲ ಹಕ್ಕಿಯನ್ನು ಕೈಗೆ ತೆಗೆದುಕೊಂಡಿದ್ದರು. ಒಂದೊಂದನ್ನೂ ಕೊಡುವಾಗ ಒಂದೊಂದು ಮಾತು. ಇದು ಬೇಗ ಏರುತ್ತದೆ, ಇದಕ್ಕೆ ಗಂಡು ಬದಲಾಯಿಸಬೇಡ, ಇದು ನೀರು ಕುಡಿಯುವಾಗ ಪಕ್ಕದ್ದನ್ನು ಕುಕ್ಕುತ್ತದೆ. ಅವನು ಹೂಂ ಹೂಂ ಎನ್ನುತ್ತಾ ಬುಟ್ಟಿಗೆ ಬಿಡುತ್ತಿದ್ದ. ಲಕ್ಕಾವನ್ನೂ ಕೊಟ್ಟರು.

ಎಲ್ಲ ಮುಗಿದ ಮೇಲೆ ಅವನು ಸಂಕೋಚದಿಂದಲೇ ಹೇಳಿದ. "ದೊಡ್ಡವನ್ನ ಹಾರಿಸೋಕಾಗಲ್ಲ ಅಣ್ಣ. ಬಿಟ್ರೆ ಸೀದಾ ನಿಮ್ಮ ತಾರಸಿಗೇ ಬಂದ್ಬುಡ್ತವೆ. ಒಳಗೇ ಮಡಗಿ ಮರಿ ಮಾಡಿಸ್ತೀನಿ. ಮರಿಗಳು ಹಾರ್ತವೆ."

"ನಂಗೊತ್ತು ಕಣಪ್ಪ" ಎಂದರು ನನ್ನ ಗಂಡ.

ಆಟೋ ಹೋದ ಮೇಲೆ ಅವರು ತಾರಸಿಗೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ನಾನು ಬಕೆಟ್ ಬಕೆಟ್ ನೀರು ಹೊತ್ತು ತಾರಸಿ ತೊಳೆದೆ, ಹಗ್ಗ ಕಟ್ಟಿದೆ, ರೇಷ್ಮೆ ಸೀರೆಗಳನ್ನು ನಿರ್ಭಯವಾಗಿ ಹರವಿದೆ. ಇಷ್ಟು ಅಚ್ಚುಕಟ್ಟಾದ ತಾರಸಿ ನಮ್ಮ ಬೀದಿಯಲ್ಲಿ ಇನ್ನೊಂದಿರಲಿಲ್ಲ, ಮತ್ತು ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ನನಗೆ ಮನಸ್ಸಾಗುತ್ತಿರಲಿಲ್ಲ. ಅವರು ನಾನು ಹೆದರಿದ್ದಂತೆಯೇ ಸ್ಟೂಲಿನ ಮೇಲೆ ಕೂತರು. ಸಲಹೆಯನ್ನು ಮಾತ್ರ ಕೊಡಲಿಲ್ಲ. ಒಂದೆರಡು ಕೊಟ್ಟಿದ್ದರೂ ಚೆನ್ನಾಗಿತ್ತು. ಕೆಸರೆಯಿಂದ ಫೋನ್ ಬಂದಾಗ ಮಾತ್ರ ಮುಖದಲ್ಲಿ ಸ್ವಲ್ಪ ಕಳೆ ಬರುತ್ತಿತ್ತು. ಮೊಟ್ಟೆ ಇಟ್ಟವಂತೆ, ಮರಿಯಾದವಂತೆ, ರೆಕ್ಕೆ ಬಲಿತು ಗೂಡಿನ ಮೇಲೆ ಹತ್ತಿ ಕೂತವಂತೆ ಎಂದು ನನಗೆ ವರದಿ ಒಪ್ಪಿಸುತ್ತಿದ್ದರು. ಬೇಸಿಗೆಯ ಕೊನೆಗೆ ಮರಿಗಳು ಹಾರಿದವು. ನೋಡಿಕೊಂಡು ಬರೋಣ ಬನ್ನಿ ಎಂದೆ. "ಹೋಗಿ ಏನ್ ನೋಡ್ಲಿ" ಎಂದರು.

ಮತ್ತೆ ದಸರಾ ಬಂತು, ಹೋಯಿತು, ಚಳಿ ಶುರುವಾಯಿತು. ಬಟ್ಟೆ ಒಣಗಿಹಾಕಲು ಹೋದಾಗಲೆಲ್ಲ ನನ್ನ ಕತ್ತು ತಾನಾಗಿಯೇ ಮೇಲಕ್ಕೆ ಹೋಗುತ್ತಿತ್ತು. ಕಾಯುವುದಕ್ಕೆ ಏನೂ ಇಲ್ಲದಿದ್ದರೂ ನೋಡುತ್ತಿದ್ದೆ. ಹೊಂಗೆ ಮರದ ಗಿಡುಗವನ್ನು ಎರಡು ಸಲ ನೋಡಿದೆ, ಕೆಳಗೆ ಬಂದು ಹೇಳಲಿಲ್ಲ. ಹೇಳಿ ಅವರ ಹೊಟ್ಟೆ ಉರಿಸುವುದೇಕೆ.

ಆ ದಿನ ಒದ್ದೆ ಲುಂಗಿಯನ್ನು ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದೆ. ಎರಡು ಬೀದಿ ಆಚೆಯ ಮೊಬೈಲ್ ಟವರಿನ ತುದಿಯಿಂದ ಏನೋ ಎದ್ದಿತು. ಬೆಳ್ಳಗಿನ ಎದೆ, ಕಪ್ಪು ತಲೆ. ನಾನು ಈ ಸಲ ರೆಕ್ಕೆಯ ತುದಿಯನ್ನೇ ನೋಡಿದೆ. ಚೂಪು. ಬಿಡುವಿಲ್ಲದೆ ಬಡಿಯುತ್ತಿತ್ತು. ಒಂದು ಸುತ್ತು ಹಾಕಿ ಎತ್ತರಕ್ಕೇರಿತು, ಅಲ್ಲಿಂದ ನೇರವಾಗಿ ಅರಮನೆಯ ಕಡೆಗೆ ಹೊರಟಿತು. ನನಗೆ ತಿಳಿಯದೆಯೇ ಕೂಗಿಬಿಟ್ಟೆ.

"ರೀ, ಬೈರಿ."

ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕೆಳಗೆ ಸ್ಟೂಲು ಸರಿದ ಸದ್ದಾಯಿತು. ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು, ಹಕ್ಕಿಗಳು ಹೋದಮೇಲೆ ಮೊದಲ ಸಲ.

"ಎತ್ತಕಡೆ ಹೋಯ್ತು?"

"ಅರಮನೆ ಕಡೆ."

"ಸುತ್ತು ಹಾಕ್ತಾ ಅದೆಯಾ, ಸೀದಾ ಹೋಯ್ತಾ?"

"ಸೀದಾ. ತುಂಬ ಎತ್ತರ."

"ಬೈರಿನೇ ತಾನೆ?"

"ಬೈರಿನೇ ರೀ. ರೆಕ್ಕೆ ನೋಡ್ದೆ."

ಮುಂದೇನೂ ಕೇಳದೆ ಅವರು ಜೇಬಿನಿಂದ ಫೋನ್ ತೆಗೆದು ಮುಖದ ಹತ್ತಿರ ಹಿಡಿದು ಒತ್ತಿದರು. ಅರಮನೆ ದಾಟಿ ಅದೇ ದಿಕ್ಕಿನಲ್ಲಿ ಹೋದರೆ ಕೆಸರೆ ಎಂಬುದು ನನಗೆ ಆಗ ಹೊಳೆಯಿತು.

"ಮೇಲಿದ್ದಾವಾ? ಬೈರಿ ನಿಮ್ ಕಡೆ ಬರ್ತಾ ಅದೆ ಕಣಪ್ಪ. ಈಗ್ಲೇ ಇಳಿಸ್ಕೊ" ಎಂದರು.

ಆ ಕಡೆಯವನು ಏನೂ ಕೇಳಲಿಲ್ಲ. ಫೋನನ್ನು ಎಲ್ಲೋ ಇಟ್ಟ ಸದ್ದು, ಅವನ ಸಿಳ್ಳೆ, ಆಮೇಲೆ ಡಬ್ಬದ ಸದ್ದು. ನನ್ನ ಗಂಡ ಸ್ಪೀಕರ್ ಹಾಕಿ ಫೋನನ್ನು ತಾರಸಿಯ ಮೋಟುಗೋಡೆಯ ಮೇಲಿಟ್ಟರು. ನಾವು ಇಬ್ಬರೂ ಅದರ ಮುಂದೆ ನಿಂತೆವು. ಸ್ವಲ್ಪ ಹೊತ್ತಿಗೆ ಅವನ ದನಿ ಬಂತು.

"ಇಳೀತಾವೆ ಅಣ್ಣ. ಒಂದ್ ಮರಿ ಮಾತ್ರ ಇನ್ನೂ ಮೇಲೇ ಅದೆ."

"ಕೂಗ್ಬೇಡ. ಲಕ್ಕಾನ ಇನ್ನೊಂದ್ಸಲ ಎಸಿ."

ಮತ್ತೆ ಡಬ್ಬದ ಸದ್ದು. ನನ್ನ ಗಂಡ ಗೋಡೆಯನ್ನು ಎರಡೂ ಕೈಯಲ್ಲಿ ಹಿಡಿದು ಕೆಸರೆಯ ದಿಕ್ಕಿಗೆ ಮುಖ ಮಾಡಿ ನಿಂತಿದ್ದರು. ನಾನೂ ಅತ್ತಲೇ ನೋಡುತ್ತಿದ್ದೆ. ಮನೆಗಳು, ಟ್ಯಾಂಕುಗಳು, ಮರಗಳು, ಅದರಾಚೆ ಬರಿಯ ಬಿಸಿಲು. ಅಲ್ಲಿ ಹಾರುತ್ತಿದ್ದ ಮರಿ ನನಗೂ ಕಾಣುತ್ತಿರಲಿಲ್ಲ, ಅವರಿಗೂ ಕಾಣುತ್ತಿರಲಿಲ್ಲ. ಅದನ್ನು ನಾವಿಬ್ಬರೂ ಒಂದು ಸಲವೂ ನೋಡಿಯೇ ಇರಲಿಲ್ಲ. ಆದರೂ ಇಬ್ಬರೂ ಅಲ್ಲಿಂದ ಕದಲಲಿಲ್ಲ.

"ಬಂತು. ಕೂತ್ಕೊಂಡ್ತು" ಎಂದ ಅವನು. ಬಾಗಿಲು ಹಾಕಿದ ಸದ್ದು ಕೇಳಿತು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಅಣ್ಣ, ಈಗ ಬಂತು ನೋಡಿ ಬೈರಿ. ತಲೆ ಮೇಲೇ ಅದೆ" ಎಂದ.

ನನ್ನ ಗಂಡ ಫೋನ್ ಆಫ್ ಮಾಡಿ ಜೇಬಿಗೆ ಹಾಕಿಕೊಂಡರು. ಅವರು ಮೆಟ್ಟಿಲ ಕಡೆ ಹೋದವರು ನಿಂತು, ಆ ಕುರ್ಚಿ ಎಲ್ಲಿಟ್ಟಿದ್ದೀಯ ಎಂದು ಕೇಳಿದರು. ಖಾಲಿ ಗೂಡಿನ ಹಿಂದೆ ಇತ್ತು, ತಂದು ಹಾಕಿದೆ.

ಈಗ ಬೆಳಿಗ್ಗೆ ನಾವಿಬ್ಬರೂ ತಾರಸಿಯಲ್ಲಿರುತ್ತೇವೆ. ನಾನು ಕೈಹೊಲಿಗೆ ಹಿಡಿದುಕೊಂಡು ಟವರಿನ ಕಡೆ ಮುಖ ಮಾಡಿ ಕೂರುತ್ತೇನೆ, ಅವರು ಫೋನನ್ನು ತೊಡೆಯ ಮೇಲಿಟ್ಟುಕೊಂಡಿರುತ್ತಾರೆ. ನಮ್ಮ ಮೇಲಿನ ಆಕಾಶದಲ್ಲಿ ನಮ್ಮದು ಎನ್ನುವ ಒಂದು ಹಕ್ಕಿಯೂ ಇಲ್ಲ. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕು, ಅವರು ಕೇಳುತ್ತಾರೆ, "ಏನಾದ್ರೂ ಎದ್ದಿತಾ?"